ಕೇಬಲ್ ಬದಲಿಸಿ, ಕಾರಣ ತಿಳಿದು ಬದಲಿಸಿ

ಹೊರನಾಡಿನಲ್ಲಿ ದುಡಿಯುವ ನಮ್ಮಂಥವರಿಗೆ ಇಯರ್‌ಫೋನ್ ಬರೀ ಶೋಕಿಯ ವಸ್ತುವಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಿಂದಿ, ಮರಾಠಿ, ಇಂಗ್ಲಿಷ್‌ಗಳಲ್ಲೇ ಮಾತಾಡಿ ದಣಿದವರಿಗೆ ಒಂದಿಷ್ಟು ಕನ್ನಡ ಸಿಗುವುದು ಅದರಿಂದಲೇ. ಮುಂಬೈ ಲೋಕಲ್‌ನ ನೂಕುನುಗ್ಗಲಿನಲ್ಲಿ ನಿಂತೇ ಪಿ.ಬಿ. ಶ್ರೀನಿವಾಸ್ ಹಾಡು ಕೇಳುವವರಿದ್ದಾರೆ, ತಾಳಮದ್ದಳೆ ಕೇಳುತ್ತಾ ಡೊಂಬಿವಲಿಯಿಂದ ದಾದರ್ ತನಕ ಬರುವವರಿದ್ದಾರೆ. ಅಂಥ ವಸ್ತುವಿಗೆ ನಾಲ್ಕು ಕಾಸು ಹೆಚ್ಚು ಖರ್ಚು ಮಾಡಿದರೆ ತಪ್ಪೇನಿಲ್ಲ. ಹತ್ತು, ಇಪ್ಪತ್ತು ಸಾವಿರ ಕೊಟ್ಟು ಒಳ್ಳೆಯ ಇನ್-ಇಯರ್ ಸೆಟ್ ಕೊಳ್ಳುವ ಕನ್ನಡದ ಹುಡುಗ ಹುಡುಗಿಯರು ಈಗ ನಮ್ಮ ಆಫೀಸಿನಲ್ಲೇ ಐದಾರು ಮಂದಿ ಇದ್ದಾರೆ.

ನನ್ನ ತಕರಾರು ಇರುವುದು ಆ ಸೆಟ್ಟಿನ ಬಗ್ಗೆ ಅಲ್ಲ, ಅದಕ್ಕೆ ಜೋಡಿಸುವ ಕೇಬಲ್ ಬಗ್ಗೆ. ಇಂಥ ಇಯರ್‌ಫೋನ್‌ಗಳ ಕೇಬಲ್ಲನ್ನು ಕಿತ್ತು ಬೇರೆ ಹಾಕಬಹುದು. ಅದು ಅವುಗಳ ಅತಿ ದೊಡ್ಡ ಗುಣ. ಆದರೆ ಮಾರುಕಟ್ಟೆ ಈ ಗುಣವನ್ನು ತಲೆಕೆಳಗು ಮಾಡಿ ಮಾರುತ್ತಿದೆ. ‘ಕೇಬಲ್ ಬದಲಿಸಿದರೆ ಇಯರ್‌ಫೋನ್ ಹತ್ತು ವರ್ಷ ಬಾಳುತ್ತದೆ’ ಎಂದು ಹೇಳಬೇಕಾದವರು ‘ಕೇಬಲ್ ಬದಲಿಸಿದರೆ ದನಿಯೇ ಬೇರೆಯಾಗುತ್ತದೆ’ ಎನ್ನುತ್ತಿದ್ದಾರೆ. ಮೊದಲನೆಯದು ನಿಜ. ಎರಡನೆಯದು ಬಹುಪಾಲು ಮಾತಿನ ಮಂಟಪ.

ಮೊದಲು ನಿಜವಾದದ್ದನ್ನು ನೋಡೋಣ. ಇಯರ್‌ಫೋನ್‌ನಲ್ಲಿ ಹೆಚ್ಚಾಗಿ ಸಾಯುವುದು ಅದರ ಸ್ಪೀಕರ್ ಅಲ್ಲ, ವೈರು. ಅದೂ ಮೂರೇ ಜಾಗದಲ್ಲಿ: ಫೋನಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ, ಎಡಬಲ ಕವಲೊಡೆಯುವಲ್ಲಿ, ಕಿವಿಯ ಹತ್ತಿರದ ತುದಿಯಲ್ಲಿ. ಜೇಬಿನಲ್ಲಿ ಮಡಚಿ, ಬ್ಯಾಗಿನ ಜಿಪ್ಪಿಗೆ ಸಿಕ್ಕಿಸಿ, ರೈಲಿಳಿಯುವಾಗ ಯಾರದೋ ಕೈಗೆ ತೊಡರಿ ಒಳಗಿನ ಕೂದಲೆಳೆಯಂಥ ತಂತಿಗಳು ಒಂದೊಂದಾಗಿ ತುಂಡಾಗುತ್ತವೆ. ಕೇಬಲ್ ಅಂಟಿಕೊಂಡೇ ಬರುವ ಸೆಟ್ಟಾದರೆ ಅಲ್ಲಿಗೆ ಅದರ ಕತೆ ಮುಗಿಯಿತು. ಕಳಚುವಂಥದ್ದಾದರೆ ಹಳೆಯದನ್ನು ಕಿತ್ತು ಹೊಸದನ್ನು ಹಾಕಿ ಮುಂದೆ ನಡೆಯಬಹುದು.

ಈ ಜೋಡಣೆಯಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದು 0.78 ಮಿ.ಮೀ. ದಪ್ಪದ ಎರಡು ಪಿನ್ನುಗಳದ್ದು. ಇನ್ನೊಂದು ಟಕ್ಕೆಂದು ಕೂರುವ, ಕೂತ ಮೇಲೂ ತಿರುಗುವ ಎಂಎಂಸಿಎಕ್ಸ್. ಎರಡಕ್ಕೂ ತಮ್ಮದೇ ಸ್ವಭಾವವಿದೆ. ಎಂಎಂಸಿಎಕ್ಸನ್ನು ವಾರಕ್ಕೊಮ್ಮೆ ಕಿತ್ತು ಹಾಕುತ್ತಿದ್ದರೆ ಸಡಿಲಾಗುತ್ತದೆ. ಎರಡು ಪಿನ್ನಿನದನ್ನು ಓರೆಯಾಗಿ ಎಳೆದರೆ ಪಿನ್ನು ಬಾಗುತ್ತದೆ. ನೇರವಾಗಿ ಎಳೆಯಬೇಕು, ಅಗತ್ಯವಿದ್ದಾಗ ಮಾತ್ರ ಎಳೆಯಬೇಕು.

ಈಗ ಮಾರುಕಟ್ಟೆಯ ಮಾತಿಗೆ ಬರುತ್ತೇನೆ. ಕಟ್ಟಡಗಳಿಗೆ ವಿದ್ಯುತ್ ವಿನ್ಯಾಸ ಮಾಡುವುದು ನನ್ನ ಕಸುಬು. ಎಷ್ಟು ಉದ್ದದ ವೈರಿಗೆ ಎಷ್ಟು ದಪ್ಪ ಬೇಕು, ಎಷ್ಟು ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ ಎಂದು ಲೆಕ್ಕ ಹಾಕುವುದೇ ದಿನದ ಕೆಲಸ. ಅದೇ ಲೆಕ್ಕ ಇಲ್ಲಿಗೂ ಸಲ್ಲುತ್ತದೆ. ತಾಮ್ರಕ್ಕಿಂತ ಬೆಳ್ಳಿ ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಸುಳ್ಳಲ್ಲ. ಎಷ್ಟು ಚೆನ್ನಾಗಿ? ಸುಮಾರು ಶೇ. 6ರಷ್ಟು. ತಾಮ್ರದ ತಂತಿಯ ವ್ಯಾಸವನ್ನು ಶೇ. 3ರಷ್ಟು ಹೆಚ್ಚಿಸಿದರೆ ಬೆಳ್ಳಿಯ ಲಾಭ ಅಲ್ಲಿಗೇ ತೀರಿಹೋಯಿತು. 1.2 ಮೀಟರ್ ಉದ್ದದ ಒಳ್ಳೆಯ ತಾಮ್ರದ ಕೇಬಲ್‌ನಲ್ಲಿ ಹೋಗಿ ಬರುವ ಪ್ರತಿರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. 16 ಓಮ್‌ನ ಇಯರ್‌ಫೋನಿಗೆ ಅದರಿಂದ ಆಗುವ ನಷ್ಟ ಕಾಲು ಡೆಸಿಬೆಲ್‌ನ ಆಸುಪಾಸು. ಅದೂ ಇಡೀ ಹಾಡಿಗೆ ಸಮನಾಗಿ. ಫೋನಿನ ವಾಲ್ಯೂಮ್ ಗುಂಡಿಯನ್ನು ಒಮ್ಮೆ ಒತ್ತಿದರೆ ಅದಕ್ಕಿಂತ ದೊಡ್ಡ ಬದಲಾವಣೆಯಾಗುತ್ತದೆ.

‘ಹೈ ಫ್ರೀಕ್ವೆನ್ಸಿ ತಂತಿಯ ಮೇಲ್ಮೈಯಲ್ಲೇ ಹರಿಯುತ್ತದೆ, ಅದಕ್ಕೇ ನಮ್ಮ ವಿಶೇಷ ಹೆಣಿಗೆ’ ಎಂಬ ಇನ್ನೊಂದು ಮಾತಿದೆ. ಆ ಪರಿಣಾಮವೂ ನಿಜವೇ. ಆದರೆ ಮನುಷ್ಯನ ಕಿವಿಯ ಕೊನೆಯ ಮೆಟ್ಟಿಲಾದ 20,000 ಹರ್ಟ್ಸ್‌ನಲ್ಲೂ ತಾಮ್ರದೊಳಗೆ ವಿದ್ಯುತ್ ಅರ್ಧ ಮಿಲಿಮೀಟರ್‌ನಷ್ಟು ಆಳಕ್ಕೆ ಇಳಿಯುತ್ತದೆ. ಇಯರ್‌ಫೋನ್ ಕೇಬಲ್‌ನ ಒಂದೊಂದು ಎಳೆ ಅದಕ್ಕಿಂತ ಎಷ್ಟೋ ಸಣ್ಣದು. ಅಂದರೆ ಇಲ್ಲದ ಕಾಯಿಲೆಗೆ ಔಷಧಿ.

ಹಾಗಾದರೆ ಕೇಬಲ್‌ನಿಂದ ದನಿ ಬದಲಾಗುವುದೇ ಇಲ್ಲವೇ? ಆಗುತ್ತದೆ. ಅದನ್ನು ಮುಚ್ಚಿಟ್ಟರೆ ನಾನೂ ಸುಳ್ಳು ಹೇಳಿದಂತೆ. ಅಮೆರಿಕದ ಎಟಿಮೋಟಿಕ್ ಕಂಪನಿಯ ಇಆರ್-4 ಎಂಬ ಪ್ರಸಿದ್ಧ ಇಯರ್‌ಫೋನ್ 1991ರಲ್ಲಿ ಬಂತು. ಅದರ ‘ಪಿ’ ಮಾದರಿಗೆ 75 ಓಮ್‌ನ ಒಂದು ತುಂಡು ಅಡಾಪ್ಟರ್ ಸೇರಿಸಿದರೆ ಅದು ‘ಎಸ್’ ಮಾದರಿಯಂತೆ ನುಡಿಯುತ್ತದೆ. ಬೇಕೆಂದೇ ಇಟ್ಟ ಪ್ರತಿರೋಧ ಅದು, ಅಳೆದು ಇಟ್ಟದ್ದು. ಅದೇ ರೀತಿ ಹಲವು ಡ್ರೈವರ್‌ಗಳಿರುವ ಕೆಲವು ದುಬಾರಿ ಸೆಟ್ಟುಗಳ ಪ್ರತಿರೋಧ ಒಂದು ಸ್ವರದಲ್ಲಿ 5 ಓಮ್, ಇನ್ನೊಂದರಲ್ಲಿ 40 ಓಮ್ ಹೀಗೆ ಏರಿಳಿಯುತ್ತದೆ. ಅಲ್ಲಿ ಅರ್ಧ ಓಮ್‌ನ ಬದಲು 0.2 ಓಮ್‌ನ ಕೇಬಲ್ ಹಾಕಿದರೆ ಸ್ವರಗಳ ಸಮತೋಲ ಅರ್ಧ ಡೆಸಿಬೆಲ್‌ಗಿಂತ ಕಡಿಮೆ ಸರಿಯುತ್ತದೆ. ಕೆಲಸ ಮಾಡಿದ್ದು ಓಮ್. ಅದಕ್ಕೆ ಬೆಳ್ಳಿಯ ಹೆಸರು, ಹೆಣಿಗೆಯ ಬಣ್ಣ, ಮರದ ಪೆಟ್ಟಿಗೆ ಯಾವುದೂ ಬೇಕಿಲ್ಲ.

4.4 ಮಿ.ಮೀ. ‘ಬ್ಯಾಲೆನ್ಸ್ಡ್’ ಪಿನ್ನಿನ ಕೇಬಲ್ ಹಾಕಿದಾಗ ಅನೇಕರು ಬೆರಗಾಗುವುದಕ್ಕೂ ಕಾರಣವಿದೆ. ಅಂಥ ಔಟ್‌ಪುಟ್ ಇರುವ ಬಹಳಷ್ಟು ಸಾಧನಗಳು ಆ ಕಿಂಡಿಯಿಂದ ಹೆಚ್ಚು ವೋಲ್ಟೇಜ್ ಕೊಡುತ್ತವೆ. ವಾಲ್ಯೂಮ್ ಅಲ್ಲೇ ಇದ್ದರೂ ಹಾಡು ಜೋರಾಗಿ ಕೇಳುತ್ತದೆ. ಜೋರಾಗಿ ಕೇಳಿದ್ದು ಚೆನ್ನಾಗಿ ಕೇಳಿದಂತೆ ಅನ್ನಿಸುವುದು ನಮ್ಮೆಲ್ಲರ ಕಿವಿಯ ಗುಣ.

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹಾವೇರಿ ಕಡೆಯ ಹುಡುಗನೊಬ್ಬ ಹದಿನೆಂಟು ಸಾವಿರದ ಸೆಟ್ಟಿಗೆ ಇಪ್ಪತ್ನಾಲ್ಕು ಸಾವಿರದ ಕೇಬಲ್ ತರಿಸಲು ಹೊರಟಿದ್ದ. ‘ಸರ್, ಬೆಳ್ಳಿ ವೈರ್ ಹಾಕಿದ್ರ ದನಿ ಭಾಳ ಸ್ವಚ್ಛ ಬರ್ತದಂತ. ಗೆಳೆಯಂದು ಹಾಕ್ಕೊಂಡು ಕೇಳೀನಿ, ಫರಕ್ ಗೊತ್ತಾಗ್ತದ’ ಎಂದ. ನಾನು ವಾದ ಮಾಡಲಿಲ್ಲ. ಗೆಳೆಯನ ಕೇಬಲ್ಲನ್ನೇ ಒಂದು ದಿನಕ್ಕೆ ತರಿಸಿ, ಕಣ್ಣು ಮುಚ್ಚಿಸಿ, ಕೈಯಿಂದ ಮುಟ್ಟಗೊಡದೆ, ಅವನ ರೂಮ್‌ಮೇಟ್ ಕೈಯಲ್ಲಿ ಹತ್ತು ಸಲ ಕೇಬಲ್ ಹಾಕಿಸಿದೆ. ಯಾವ ಸಲ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದ್ದೆವು. ಹತ್ತರಲ್ಲಿ ಆರು ಸರಿ ಹೇಳಿದ. ಸುಮ್ಮನೆ ಊಹಿಸಿದರೂ ಅಷ್ಟು ಬರುತ್ತದೆ ಎಂದು ಅವನೇ ನಕ್ಕ. ಆ ಇಪ್ಪತ್ನಾಲ್ಕು ಸಾವಿರ ಅವನು ಪೇಯಿಂಗ್ ಗೆಸ್ಟ್ ರೂಮಿಗೆ ಕೊಡುವ ಎರಡು ತಿಂಗಳ ಬಾಡಿಗೆ. ತಿಂಗಳ ಮೊದಲ ವಾರ ಊರಿಗೂ ಹಣ ಕಳಿಸುವ ಹುಡುಗ.

‘ನನ್ನ ದುಡ್ಡು, ನನ್ನ ಖುಷಿ, ನಿಮಗೇನು?’ ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಖಂಡಿತ ನಿಮ್ಮದೇ. ಕೈಗಡಿಯಾರಕ್ಕೆ ಚಂದದ ಪಟ್ಟಿ ಹಾಕಿಸಿದಂತೆ ಚಂದದ ಕೇಬಲ್ ಹಾಕಿಸಿ. ಅಂದಕ್ಕೆ ಕೊಟ್ಟ ದುಡ್ಡು ಅಂದಕ್ಕೇ ಎಂದು ಗೊತ್ತಿದ್ದರೆ ಸಾಕು. ದನಿಗೆ ಎಂದು ನಂಬಿಸಿ ವಸೂಲು ಮಾಡುವುದಕ್ಕಷ್ಟೇ ನನ್ನ ವಿರೋಧ.

ಕೇಬಲ್‌ನಲ್ಲಿ ದುಡ್ಡು ಕೊಡತಕ್ಕ ಗುಣಗಳೂ ಇವೆ. ಮೆತ್ತಗಿರಬೇಕು, ಚಳಿಗೂ ಬೆವರಿಗೂ ಬಿರುಸಾಗಬಾರದು. ಅಂಗಿಗೆ ಉಜ್ಜಿದಾಗ ಕಿವಿಯಲ್ಲಿ ಗರಗರ ಎನ್ನಬಾರದು. ಕಿವಿಯ ಮೇಲಿಂದ ಸುತ್ತಿ ಹಾಕಿಕೊಂಡರೆ ಆ ಸದ್ದು ಇನ್ನೂ ತಗ್ಗುತ್ತದೆ. ಪಿನ್ನಿನ ಬುಡಕ್ಕೆ ಬಾಗುವ ರಬ್ಬರ್ ಕಾಪು ಇರಬೇಕು. ಊರಿಗೆ ದಿನಾ ಫೋನ್ ಮಾಡುವವರಾದರೆ ಮೈಕ್ ಇರಲಿ. ಇವೆಲ್ಲ ಒಂದೆರಡು ಸಾವಿರದೊಳಗೆ ಸಿಗುತ್ತವೆ. ಇನ್ನು ದನಿಯನ್ನೇ ಸುಧಾರಿಸಬೇಕೆಂದಿದ್ದರೆ ಕಿವಿಗೆ ಸರಿಯಾಗಿ ಕೂರುವ ರಬ್ಬರ್ ಟಿಪ್ ಹುಡುಕಿ. ಕಿವಿ ಮತ್ತು ಟಿಪ್ ನಡುವೆ ಸಂದು ಬಿಟ್ಟರೆ ಮೃದಂಗದ ತೂಕವೇ ಹೊರಟುಹೋಗುತ್ತದೆ. ಯಾವ ಬೆಳ್ಳಿಯೂ ಅದನ್ನು ವಾಪಸು ತರಲಾರದು.

ದುರಸ್ತಿಯ ಮಾತು ಇನ್ನೂ ಮುಖ್ಯ. ಹೋದ ವರ್ಷ ನನ್ನ ಸೆಟ್ಟಿನ ಎಡಗಡೆ ಮೂಕವಾದಾಗ ಇಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ತೋರಿಸಿದೆ. ತೆರೆದೂ ನೋಡದೆ ಹೊಸ ಸೆಟ್ಟಿಗೆ ರಿಯಾಯಿತಿ ಕೊಡುತ್ತೇವೆ ಎಂದರು. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಮೆಟ್ಟಿಲ ಕೆಳಗಿನ ಒಂದು ಮೇಜು, ಒಬ್ಬ ಹಿರಿಯರು. ವೈರನ್ನು ಬೆರಳಲ್ಲಿ ಹೊರಳಿಸಿ ತುಂಡಾದ ಜಾಗ ಹಿಡಿದರು. ಎಳೆಗಳ ಮೇಲಿನ ಬಣ್ಣದ ಲೇಪವನ್ನು ಕಾದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲೇ ಸುಟ್ಟು ತೆಗೆದು, ಹೊಸ ಪಿನ್ನಿಗೆ ಬೆಸೆದು ಕೊಟ್ಟರು. ಹದಿನೈದು ನಿಮಿಷ, ನೂರೈವತ್ತು ರೂಪಾಯಿ. ಚೆನ್ನೈನ ರಿಚ್ಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದಿಲ್ಲಿಯ ಲಜಪತ್ ರಾಯ್ ಮಾರ್ಕೆಟ್, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್‌ಗಳಲ್ಲಿ ಇಂಥ ಕೈಗಳು ಇನ್ನೂ ಸಿಗುತ್ತವೆ. ನಾವು ಕೆಲಸ ಕೊಡದಿದ್ದರೆ ಮಾತ್ರ ಹೆಚ್ಚು ದಿನ ಸಿಗಲಾರವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಹಕ್ಕು ಪೋರ್ಟಲ್‌ನಲ್ಲಿದ್ದರೆ ಸಾಲದು, ಬೆಸೆಯುವ ಕೈ ಬೀದಿಯಲ್ಲಿರಬೇಕು.

ವೈರಿಲ್ಲದ ಪುಟ್ಟ ಗುಂಡಿಗಳ ಕಾಲದಲ್ಲಿ ಇದೆಲ್ಲ ಹಳೇ ಪುರಾಣ ಎಂದು ಕೆಲವರಿಗೆ ಅನ್ನಿಸಬಹುದು. ಆ ಗುಂಡಿಗಳ ಅನುಕೂಲ ನಾನೂ ಒಪ್ಪುತ್ತೇನೆ. ಆದರೆ ಅವುಗಳೊಳಗಿನ ಕಾಳಿನಷ್ಟು ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಬದಲಿಸಲು ಬಾಗಿಲೇ ಇಲ್ಲದಂತೆ ಹೆಚ್ಚಿನವನ್ನು ಅಂಟಿಸಿ ಮುಚ್ಚಿರುತ್ತಾರೆ. ಒಳಗಿನ ಸ್ಪೀಕರ್ ಗಟ್ಟಿಮುಟ್ಟಾಗಿದ್ದರೂ ಇಡೀ ಸೆಟ್ಟು ಕಸಕ್ಕೆ.

ಹಾಗಾಗಿ ಮುಂದಿನ ಸಲ ಕೊಳ್ಳುವಾಗ ಅಂಗಡಿಯವರಲ್ಲಿ ಮೂರು ಪ್ರಶ್ನೆ ಕೇಳಿ. ಕೇಬಲ್ ಕಳಚುತ್ತದೆಯೇ? ಯಾವ ಬಗೆಯ ಪಿನ್ನು, ಬೇರೆ ಕಂಪನಿಯ ಕೇಬಲ್ ಕೂರುತ್ತದೆಯೇ? ಬಿಡಿ ಕೇಬಲ್‌ನ ಬೆಲೆ ಎಷ್ಟು? ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಧಾರಾಳವಾಗಿ ಕೊಳ್ಳಿ. ಉತ್ತರದ ಬದಲು ಬೆಳ್ಳಿಯ ಮಹಿಮೆ ಶುರುವಾದರೆ ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ನಡೆಯಿರಿ.