ಮೂಗಿಗೆ ಸಿಗದ ವಿಷ

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಬಚ್ಚಲುಮನೆಯ ಹಂಡೆಗೆ ನೀಲಗಿರಿ ಸೌದೆ ಉರಿಸುವಾಗ ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ. ಗ್ಯಾಸ್ ಗೀಸರ್‌ನಲ್ಲಿ ಹೊಗೆ ಕಾಣದು, ಹಾಗೆಂದು ಅಪಾಯವಿಲ್ಲವೆಂದಲ್ಲ.

ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ವಾಸನೆಯ ಈಥೈಲ್ ಮರ್‌ಕ್ಯಾಪ್ಟಾನ್ ಬೆರೆಸಿರುತ್ತಾರೆ. ಆದರೆ ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು; ಆಮೇಲೆ ಕೂಗುವ ಮೊದಲೇ ಪ್ರಜ್ಞೆ ತಪ್ಪಬಹುದು.

ಆದ್ದರಿಂದ ಗೀಸರ್ ಮತ್ತು ಸಿಲಿಂಡರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಜ್ವಾಲೆ ಹಳದಿಗೆ ತಿರುಗಿದರೆ ಬಳಕೆ ನಿಲ್ಲಿಸಿ, ಮೆಕ್ಯಾನಿಕ್‌ನಿಂದ ಬರ್ನರ್ ಶುಚಿ ಮಾಡಿಸಿ. ವರ್ಷಕ್ಕೊಮ್ಮೆ ತಪಾಸಣೆಯಾಗಲಿ. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ಎಂದೂ ಪರೀಕ್ಷಿಸಬೇಡಿ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ಫೋನ್ ಮಾಡಿ.

ವಿದ್ಯಾರ್ಥಿಗಳೇ, ಇಂದೇ ಹಿರಿಯರೊಡನೆ ಜ್ವಾಲೆಯ ಬಣ್ಣ ನೋಡಿ. ಆದರೆ ನೀಲಿಯಾಗಿದೆಯೆಂದು ಮಾಗಿಯ ಚಳಿಗೆ ಕಿಟಕಿ ಮುಚ್ಚಬೇಡಿ.