ಮಿತವ್ಯಯವೂ ದಾಸೋಹವೇ

ಮಿತವ್ಯಯವನ್ನು ಜಿಪುಣತನವೆಂದು ಬಗೆಯುವವರುಂಟು. ಜಿಪುಣನು ಕೂಡಿಡುವುದು ತನಗಾಗಿ. ಮಿತವ್ಯಯಿಯು ಉಳಿಸುವುದು ಪರರ ಪಾಲನ್ನು. ಪ್ರಸಾದವನ್ನು ಚೆಲ್ಲಬಾರದೆಂಬ ನಮ್ಮ ನಿಯಮದ ಮರ್ಮವೂ ಇದೇ.

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳೆಯ ಮನೆಗಳಲ್ಲಿ ಕಸವೆಂಬುದೇ ವಿರಳವಾಗಿತ್ತು. ತೊಗರಿಯ ಬೇಳೆ ಮನೆಮಂದಿಗೆ, ಹೊಟ್ಟು ದನಗಳಿಗೆ, ಕಟ್ಟಿಗೆ ಒಲೆಗೆ, ಬೂದಿ ಪಾತ್ರೆ ಬೆಳಗಲಿಕ್ಕೆ. ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಶಹಾಬಾದಿನ ಹಾಸುಗಲ್ಲನ್ನಂತೂ ಹಳೆಯ ಮನೆಯಿಂದ ಕಿತ್ತು ಹೊಸ ಮನೆಗೆ ಹಾಸಬಹುದು. ವಾಡಿಯಲ್ಲಿ ಸುಣ್ಣಗಲ್ಲನ್ನು ಸುಟ್ಟು ಸಿಮೆಂಟು ಮಾಡಲು ಬೇಕಾಗುವ ಬೆಂಕಿ ಅಪಾರ. ಕಿತ್ತ ಹಾಸುಗಲ್ಲಿಗೆ ಮತ್ತೆ ಬೆಂಕಿ ಬೇಡ.

ಹಾಗೆಂದು ಹೊಗೆಯ ಒಲೆಗೆ ಮರಳಿರೆಂದು ನಾನೆನ್ನೆನು. ಆ ಹೊಗೆಯನ್ನುಂಡವರು ನಮ್ಮ ತಾಯಂದಿರು. ಬೇಳೆಯನ್ನು ನೆನೆಯಿಟ್ಟು ಮುಚ್ಚಿ ಬೇಯಿಸಿದರೆ ಅನಿಲ ಉಳಿಯುವುದು. ಕಾಯಿಪಲ್ಲೆ ತೊಳೆದ ನೀರು ಗಿಡಕ್ಕಾಗುವುದು. ಸಂತೆಗೆ ಬಟ್ಟೆಯ ಚೀಲವೇ ಸಾಕು.

ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ ತಟ್ಟೆ-ಲೋಟಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿವೆ. ಆದರೂ ಮದುವೆ, ಜಾತ್ರೆಗಳ ಪಂಕ್ತಿಯ ಹಿಂದೆ ಅವುಗಳ ರಾಶಿ ಕಾಣುವುದು ಲಜ್ಜೆಯ ಸಂಗತಿ.

ಗುರುಗಳು ನಡೆದು ತೋರಿದರೆ ಮಕ್ಕಳು ಹೇಳಿಸಿಕೊಳ್ಳದೆಯೇ ಕಲಿಯುವರು. ಹೀಗೆ ಮನೆಯಲ್ಲುಳಿದ ಹಣದ ಒಂದಂಶವು ಪ್ರಸಾದನಿಲಯದ ಬಡ ವಿದ್ಯಾರ್ಥಿಯ ಪುಸ್ತಕವಾದರೆ, ಉಳಿತಾಯವೇ ದಾಸೋಹವಾಗುವುದು.