ಜೀಪಿನ ಪ್ಲಾಸ್ಟಿಕ್ ಕಿಟಕಿಗೂ ಚಳಿಯಾಗುತ್ತದೆ

ಹೋದ ಸಲ ಉಣ್ಣೆ ಸ್ವೆಟರ್ ಒಗೆಯುವ ಬಗ್ಗೆ ಬರೆದಿದ್ದೆ. ಓದಿದ ನಮ್ಮನೆಯವರು, "ಮನೆ ಒಳಗಿಂದೇ ಬರೀತೀಯಲ್ಲ, ಅಂಗಳದಾಗೆ ನಿಂತೈತಲ್ಲ ಜೀಪು, ಅದಕ್ಕೂ ಚಳಿಗಾಲ ಐತೆ" ಅಂದಿದ್ದರು. ಆಗ ನಕ್ಕಿದ್ದೆ. ಆಮೇಲೆ ನಡೆದದ್ದು ನಗುವಂಥದ್ದಲ್ಲ, ಹಾಗಾಗಿ ಈ ಸಲ ಜೀಪಿನ ಮಾತು.

ನಮ್ಮದು ಹಳೇ ಜೀಪು. ಮೇಲೆ ರೆಕ್ಸಿನ್ ಹುಡ್, ಬಾಗಿಲಿಗೂ ಹಿಂದಕ್ಕೂ ರೆಕ್ಸಿನ್ ಪರದೆ, ಅದರ ನಡುವೆ ಹೊಲಿದ ಪಾರದರ್ಶಕ ಪ್ಲಾಸ್ಟಿಕ್. ಗಾಜು ಅಂತ ಇರುವುದು ಮುಂದುಗಡೆ ಮಾತ್ರ. ತೋಟಕ್ಕೆ ಗೊಬ್ಬರ, ಸಂತೆಗೆ ಈರುಳ್ಳಿ, ಜಾತ್ರೆಗೆ ನೆಂಟರು, ಎಲ್ಲಕ್ಕೂ ಅದೇ ಗಾಡಿ. ನಿಮ್ಮ ಮನೆಯಲ್ಲಿ ಜೀಪಿಲ್ಲದಿದ್ದರೂ ಓದಿ. ಆಟೋದವರು ಚಳಿಗೆ ಇಳಿಬಿಡುವ ಸೈಡ್ ಪರದೆಯಲ್ಲಿರುವುದೂ ಇದೇ ಪ್ಲಾಸ್ಟಿಕ್. 2020ರಲ್ಲಿ ಬಂದ ಹೊಸ ಥಾರ್ ಅನ್ನು ಬಟ್ಟೆ ಟಾಪ್‌ನಲ್ಲೇ ಬೇಕು ಅಂತ ತಂದವರ ಕಷ್ಟವೂ ಹೆಚ್ಚುಕಡಿಮೆ ಇದೇ.

ಜನವರಿಯ ಒಂದು ಬೆಳಗ್ಗೆ ಅತ್ತೆಯವರನ್ನು ಖಾಲಿ ಹೊಟ್ಟೆಯಲ್ಲಿ ರಕ್ತಪರೀಕ್ಷೆಗೆ ಹಿರಿಯೂರಿಗೆ ಕರೆದೊಯ್ಯಬೇಕಿತ್ತು. ಕತ್ತಲು ಹರಿಯುವ ಹೊತ್ತಿಗೆ ಹೊರಟೆವು. ಅವರಿಗೆ ಗಾಳಿ ಬಡಿಯದಿರಲಿ ಅಂತ ಹಿಂದಿನ ಪರದೆ ಬಿಚ್ಚಿ ಇಳಿಬಿಟ್ಟೆ. ಮೂರು ತಿಂಗಳಿಂದ ಮೇಲೆ ಸುತ್ತಿ ಹಗ್ಗ ಬಿಗಿದಿಟ್ಟಿದ್ದು ಅದು. ಅರ್ಧ ಇಳಿಯುವಷ್ಟರಲ್ಲಿ 'ಪಟ್' ಅಂತು. ಮೂಲೆಯಿಂದ ಮೂಲೆಗೆ ಹಪ್ಪಳ ಮುರಿದ ಹಾಗೆ ಸೀಳು. ಅತ್ತೆ ಕಂಬಳಿ ಹೊದ್ದು ಕೂತರು.

ನಿಜವಾದ ಗಂಡಾಂತರ ಅದಲ್ಲ. ನಮ್ಮ ಜವನಗೊಂಡನಹಳ್ಳಿ ಇರುವುದು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ, ಶಿರಾ ಮತ್ತು ಹಿರಿಯೂರಿನ ನಡುವೆ. ಹಿರಿಯೂರಿನ ಕಡೆ ಹೋಗಲು ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಬಲಕ್ಕೆ, ಹಿಂದಕ್ಕೆ ನೋಡಬೇಕು. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೂ ಸರಿಯಾಗಿ ಆ ಹಿಂದಿನ ಮೂಲೆಯಿಂದಲೇ, ಆಗ್ನೇಯದಿಂದ. ವರ್ಷಗಟ್ಟಲೆ ಒಣ ಬಟ್ಟೆಯಲ್ಲಿ ಉಜ್ಜಿ ಗೀರೆದ್ದ ಬಾಗಿಲ ಪ್ಲಾಸ್ಟಿಕ್ ಮೇಲೆ ಎಳೆಬಿಸಿಲು ಅಡ್ಡಲಾಗಿ ಬಿದ್ದಿದ್ದೇ ತಡ, ಇಡೀ ಕಿಟಕಿ ಸುಣ್ಣ ಬಳಿದ ಗೋಡೆಯಾಯಿತು. ಕನ್ನಡಿ ಕಾಣಲಿಲ್ಲ, ಲಾರಿ ಕಾಣಲಿಲ್ಲ, ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಮೊಪೆಡ್ಡಂತೂ ಕಾಣಲೇ ಇಲ್ಲ. ಆತ ಕೂಗಿದ್ದು ಕೇಳಿ ಇವರು ಬ್ರೇಕ್ ತುಳಿದರು. ನಡುವೆ ಒಂದು ಮೊಳ ಜಾಗ ಉಳಿದಿತ್ತು, ಅಷ್ಟೆ. ಆತ ಬೈದಿದ್ದು ಇಲ್ಲಿ ಬರೆಯುವಂಥದ್ದಲ್ಲ, ಆದರೆ ನ್ಯಾಯವಾಗಿತ್ತು.

ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತು. ಪಕ್ಕದ ಗಾಜಿನಲ್ಲಿ ಶೇ. 50ರಷ್ಟಾದರೂ ಬೆಳಕು ಹಾಯಬೇಕು ಅನ್ನುವುದು ನಿಯಮ. ನಮ್ಮ ಜೀಪಿನ ಕಿಟಕಿಯನ್ನು ಯಾರಾದರೂ ಅಳೆದಿದ್ದರೆ ಏನು ಬರುತ್ತಿತ್ತೋ! ಫಿಲ್ಮ್ ಅಂಟಿಸದೆಯೇ ನಾವು ಕುರುಡಾಗಿದ್ದೆವು.

ರಕ್ತ ಕೊಟ್ಟು, ಅತ್ತೆಗೆ ಇಡ್ಲಿ ತಿನ್ನಿಸಿ, ಸೀದಾ ಕುಷನ್ ಅಂಗಡಿಗೆ ಹೋದೆವು. ಅಲ್ಲಿನ ಸಾಬರು ಸೀಳು ನೋಡಿ, "ಇದು ಚಳಿಗೆ ಹೋಗಿದ್ದಲ್ಲ ತಾಯಿ, ಬಿಸ್ಲಿಗೆ ಹೋಗಿದ್ದು. ಚಳಿ ಬರೀ ನೆಪ" ಅಂದರು. ಆಮೇಲೆ ನಾನು ಓದಿ ತಿಳಿದದ್ದೂ ಅದನ್ನೇ. ಈ ಹಾಳೆ ಪಿ.ವಿ.ಸಿ., ನಮ್ಮ ತೋಟದ ನೀರಿನ ಪೈಪಿನ ಜಾತಿಯದೇ. ಪೈಪು ಗಟ್ಟಿ, ಇದು ಮೆತ್ತಗೆ ಯಾಕೆಂದರೆ ಇದಕ್ಕೆ ಎಣ್ಣೆಯಂಥ ಒಂದು ಮೃದುಕಾರಕ ಬೆರೆಸಿರುತ್ತಾರೆ. ಬಿಸಿಲಿಗೆ ನಿಂತೂ ನಿಂತೂ ಅದು ನಿಧಾನಕ್ಕೆ ಹಾರಿಹೋಗುತ್ತದೆ, ಹಾಳೆ ಹಳದಿಯಾಗಿ ಬಿರುಸಾಗುತ್ತದೆ. ಚಳಿ ಅದನ್ನು ಇನ್ನಷ್ಟು ಬಿರುಸು ಮಾಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಹೊಸ ಹಾಳೆಯನ್ನೂ ಚಳಿಯಲ್ಲಿ ಮಡಚಬೇಡಿ ಅನ್ನುತ್ತಾರೆ. ನಮ್ಮ ಕಡೆ ಅಂಥ ಚಳಿ ಇಲ್ಲ, ಆದರೆ ಏಪ್ರಿಲ್‌ನ ಬಿಸಿಲು ತಿಂದು ಹಣ್ಣಾದ ಹಾಳೆಗೆ ಜನವರಿಯ ನಸುಕೇ ಸಾಕು.

ಹಾಗಾಗಿ ಮೊದಲ ಮಾತು: ಬೆಳಗಿನ ಚಳಿಯಲ್ಲಿ ಪರದೆ ಬಿಚ್ಚುವುದೂ ಬೇಡ, ಸುತ್ತುವುದೂ ಬೇಡ. ಮುಂಜಾನೆ ಹೊರಡುವುದಿದ್ದರೆ ಹಿಂದಿನ ಮಧ್ಯಾಹ್ನವೇ, ಬಿಸಿಲಿಗೆ ಹಾಳೆ ಮೆತ್ತಗಾದಾಗ, ಇಳಿಬಿಟ್ಟು ಟಿಚ್ ಬಟನ್ ಹಾಕಿಡಿ. ಅವಸರಕ್ಕೆ ಬಿಸಿನೀರು ಸುರಿಯುವುದು, ಬೆಂಕಿ ಕಾಯಿಸುವ ಹತ್ತಿರ ಹಿಡಿಯುವುದು ಮಾಡಬೇಡಿ. ಹಾಳೆ ಸೊಟ್ಟಗಾಗಿ ಅಲೆಅಲೆಯಾದರೆ ಮತ್ತೆ ಸರಿಹೋಗುವುದಿಲ್ಲ. ಸುತ್ತುವಾಗ ಸೀರೆ ಮಡಚಿದಂತಲ್ಲ, ಚಾಪೆ ಸುತ್ತಿದಂತೆ, ಸಡಿಲವಾಗಿ, ನಡುವೆ ಹಳೇ ಹತ್ತಿ ಬಟ್ಟೆ ಇಟ್ಟು. ಒದ್ದೆ ಇದ್ದಾಗ ಸುತ್ತಿಟ್ಟರೆ ಒಳಗೆ ಹಾಲಿನಂತೆ ಬೆಳ್ಳಗಾಗಿ ಬೂಷ್ಟು ಹಿಡಿಯುತ್ತದೆ.

ಇನ್ನು ಗೀರು. ಇದಕ್ಕೆ ನಮ್ಮ ಗಾಳಿಯೂ ಧೂಳೂ ಕಾರಣ, ಒಣ ಬಟ್ಟೆ ಹಿಡಿದ ನಮ್ಮ ಕೈ ಇನ್ನೂ ದೊಡ್ಡ ಕಾರಣ. ಧೂಳಿನಲ್ಲಿ ಸಣ್ಣ ಮರಳಿರುತ್ತದೆ, ಅದು ಪ್ಲಾಸ್ಟಿಕ್‌ಗಿಂತ ಎಷ್ಟೋ ಗಟ್ಟಿ. ಬೆಳಗ್ಗೆ ಇಬ್ಬನಿ ಬಿದ್ದಿದೆಯಲ್ಲ, ಒಂದು ಸಲ ಒರೆಸಿಬಿಡೋಣ ಅಂತ ಅನ್ನಿಸುತ್ತದೆ. ಆ ಒಂದು ಒರೆತವೇ ಮರಳು ಕಾಗದ ಉಜ್ಜಿದ ಹಾಗೆ. ಮೊದಲು ಚೊಂಬಿನಲ್ಲಿ ನೀರು ಸುರಿದು ಧೂಳು ಇಳಿಸಿ, ಆಮೇಲೆ ಎರಡು ಹನಿ ಶಾಂಪೂ ನೀರಲ್ಲಿ ಅಂಗೈಯಿಂದಲೇ ಸವರಿ, ತೊಳೆಯಿರಿ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಉಪ್ಪಿನ ಬಿಳಿ ಚುಕ್ಕೆ ಉಳಿಯುತ್ತದೆ. ನಾನು ಕೊನೆಗೆ ಶುದ್ಧ ನೀರಿನ ಘಟಕದಿಂದ ತಂದ ನೀರು ಅರ್ಧ ಚೊಂಬು ಸುರಿದು, ಹಳೇ ಪಂಚೆಯಿಂದ ಒತ್ತಿ ಒತ್ತಿ ತೇವ ತೆಗೆಯುತ್ತೇನೆ. ಕುಡಿಯೋ ನೀರು ಜೀಪಿಗಾ ಅಂತ ಅತ್ತೆ ಒಂದೆರಡು ಸಲ ಗೊಣಗಿದ್ದುಂಟು.

ಪೆಟ್ರೋಲು, ಥಿನ್ನರು, ಅಮೋನಿಯಾ ಇರುವ ಗಾಜಿನ ಸ್ಪ್ರೇ ಹತ್ತಿರಕ್ಕೂ ತರಬೇಡಿ. ದಿನಪತ್ರಿಕೆ ಗಾಜಿಗೆ ಸರಿ, ಇದಕ್ಕಲ್ಲ. ಕೊಬ್ಬರಿ ಎಣ್ಣೆ ಸವರಿದರೆ ಒಂದು ದಿನ ಮಿರಮಿರ ಮಿಂಚುತ್ತದೆ, ಮಾರನೇ ದಿನ ಊರಿನ ಧೂಳೆಲ್ಲ ಅಲ್ಲೇ. ಟೂತ್‌ಪೇಸ್ಟ್ ಹಾಕಿ ಉಜ್ಜುವವರೂ ಇದ್ದಾರೆ. ನಾನೂ ಮೂಲೆಯಲ್ಲಿ ಮಾಡಿ ನೋಡಿದೆ, ದೊಡ್ಡ ಗೀರು ಹೋಗಲಿಲ್ಲ, ಸುತ್ತ ಮಬ್ಬು ಮಾತ್ರ ಬಂತು.

ಒಳಗಿನ ಮಂಜಿಗೆ ಏನು ಮಾಡುವುದು? ನಾಲ್ಕು ಜನ ಕೂತರೆ ಉಸಿರಿನ ತೇವವೇ ತಣ್ಣನೆ ಹಾಳೆಗೆ ಹತ್ತಿ ಮಬ್ಬಾಗುತ್ತದೆ. ಹಳೇ ಜೀಪಿನಲ್ಲಿ ಹೀಟರ್ ಎಲ್ಲಿಂದ ಬರಬೇಕು? ಎರಡೂ ಕಡೆ ಜಿಪ್ ಎರಡೆರಡು ಬೆರಳು ತೆರೆದಿಡಿ, ಸ್ವಲ್ಪ ಚಳಿ ತಡೆದುಕೊಳ್ಳಿ. ಜಿಪ್ ಬಿಗಿಯಾಗಿದ್ದರೆ ಮೇಣದಬತ್ತಿ ಉಜ್ಜಿ, ಎಳೆದಾಡಬೇಡಿ. ಹೊಲಿಗೆ ಕಿತ್ತುಬರುತ್ತದೆ.

ಬಾಗಿಲ ಹಾಳೆಯನ್ನು ಮಾತ್ರ ನಾವು ಉಳಿಸಿಕೊಳ್ಳಲು ನೋಡಲಿಲ್ಲ. ಹಿಂದಿನದಕ್ಕಿಂತ ಮೊದಲು ಅದನ್ನೇ ಬದಲಿಸಿ ಅಂತ ಸಾಬರಿಗೆ ಹೇಳಿದೆ. ದುಡ್ಡು ಒಂದಕ್ಕೇ ಇದೆ ಅನ್ನುವವರಿಗೂ ನಾನು ಹೇಳುವುದು ಇದನ್ನೇ: ಗಾಡಿ ಓಡಿಸುವವರ ಪಕ್ಕದ್ದು ಮೊದಲು. ನಿಮ್ಮದು ಬದಲಿಸಬೇಕಾ ಅಂತ ನೋಡಲು ಮಧ್ಯಾಹ್ನ ನೋಡಬೇಡಿ, ಆಗ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಬೆಳಗ್ಗೆ ಏಳರ ಬಿಸಿಲಿಗೆ ಎದುರಾಗಿ ಗಾಡಿ ನಿಲ್ಲಿಸಿ, ಒಳಗೆ ಕೂತು ನೋಡಿ.

ಹೊಸ ಹಾಳೆ ಹೊಲಿಸಿ ತಂದ ದಿನ ಅತ್ತೆ ಜೀಪಿನಲ್ಲಿ ಕೂತು ಸುಮ್ಮನೆ ಹೊರಗೆ ನೋಡುತ್ತಿದ್ದರು. "ಇದೇನೇ, ಕಿಟಕಿ ಹಾಕ್ಸೇ ಇಲ್ವಾ?" ಅಂತ ಬೆರಳು ಚಾಚಿ ಮುಟ್ಟಿದರು. ಬೆರಳಚ್ಚು ಬಿತ್ತು. ಒರೆಸಲು ಸೆರಗು ತೆಗೆದರು, ನಾನು ಕೈ ಹಿಡಿದುಕೊಂಡೆ.